ದುಂಡವ್ವನ ನೆಲದಡಿಯ ಪಾಲು

ನಮ್ಮೂರಿನಲ್ಲಿ ಗಂಡಸರ ಪಾಲಿಗೆ ಬರುವುದು ನೆಲದ ಮೇಲಿನದಷ್ಟೇ. ಗೋಡೆ, ಮಾಳಿಗೆ, ಹಿತ್ತಲಿನ ನುಗ್ಗೆ ಮರ, ಕಟ್ಟೆಯ ಮೇಲೆ ಕೂತು ಊರ ಉಸಾಬರಿ ಮಾಡುವ ಹಕ್ಕು, ಇವು ನಮ್ಮವು. ನೆಲದ ಕೆಳಗಿರುವುದೆಲ್ಲ ಹೆಂಗಸರದು. ಅಪ್ಪನಿಂದ ಮಗನಿಗೆ ಮನೆ, ಅವ್ವನಿಂದ ಮಗಳಿಗೆ ನೆಲದಡಿ. ಇದನ್ನು ಯಾರು ಯಾವಾಗ ಠರಾವು ಮಾಡಿದರೋ ಗೊತ್ತಿಲ್ಲ, ಕೇಳುವ ಧೈರ್ಯವನ್ನು ನಾವ್ಯಾರೂ ಮಾಡಿಲ್ಲ. ಯಾಕೆಂದರೆ ನಮ್ಮ ಒಲೆ ಉರಿಯುವುದೇ ಅಡಿಯಿಂದ. ಅಡುಗೆಮನೆಯ ನೆಲದಲ್ಲಿ ಒಂದು ತೂತು, ಅದರ ಸುತ್ತ ಮೂರು ಕಲ್ಲು, ಕಡ್ಡಿ ಗೀರಿ ಹಿಡಿದರೆ ನೀಲಿ ಉರಿ. ಕಟ್ಟಿಗೆ ಒಡೆದು ಬೆವರಿದವನು ನಮ್ಮೂರಲ್ಲಿ ಒಬ್ಬನೂ ಸಿಕ್ಕಲಿಕ್ಕಿಲ್ಲ.

ಆದರೆ ಈ ಉರಿ ಮನೆಗೆ ಅಂಟಿಕೊಂಡದ್ದಲ್ಲ, ಹೆಂಗಸಿಗೆ ಅಂಟಿಕೊಂಡದ್ದು. ಮದುವೆಯಾಗಿ ಬಂದವಳು ಗಂಡನ ಮನೆಯಲ್ಲಿ ಒಂದು ರಾತ್ರಿ ಮಲಗಿ ಎದ್ದರೆ ಮುಂಜಾನೆ ಅವಳ ಹೆಸರಿನ ತೂತಿನಿಂದ ಅವಳ ಉರಿ ಏಳುತ್ತದೆ. ಅತ್ತೆಗೊಂದು ತೂತು, ಸೊಸೆಗೊಂದು ತೂತು. ಯಾರದು ಎತ್ತರ ಎಂಬ ಜಗಳ ಬೇರೆ. ಊರೊಳಗೆ ಓಡಾಡಿಕೊಂಡಿದ್ದರೆ ಚಿಂತೆಯಿಲ್ಲ. ಪರಸ್ಥಳದಲ್ಲಿ ಒಂದು ರಾತ್ರಿ ಕಳೆದಳೋ, ನೆಲದಡಿಯ ಗ್ಯಾಸು ಅವಳ ಹಿಂದೆಯೇ ಹೊರಟುಹೋಗಿ ಇಲ್ಲಿ ಒಲೆ ಆರುತ್ತದೆ. ಹೀಗಾಗಿ ಗಂಡ ಹೆಂಡಿರ ಜಗಳ ಊರಿಗೆ ತಿಳಿಯಲು ಗೋಡೆಗೆ ಕಿವಿಗೊಡಬೇಕಾಗಿಲ್ಲ. ಕಾಶವ್ವನ ಖಾನಾವಳಿಯಲ್ಲಿ ಯಾರ್‍ಯಾರು ಕೂತಿದ್ದಾರೆ ಎಂದು ಇಣುಕಿದರೆ ಸಾಕು.

ಹೆಂಡತಿ ಊರಲ್ಲಿಲ್ಲದ ಗಂಡಸರೆಲ್ಲ ಆ ಖಾನಾವಳಿಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂರುತ್ತಾರೆ. ಆ ಸಾಲಿಗೆ ಆರಿದ ಒಲೆಯವರು ಎಂದೇ ಹೆಸರು. ಕಾಶವ್ವ ಗಂಡ ತೀರಿಕೊಂಡವಳು, ಊರು ಬಿಟ್ಟು ಎಂದೂ ಹೋದವಳಲ್ಲ, ಆದ್ದರಿಂದ ಅವಳ ಉರಿ ಎಂದೂ ಆರಿದ್ದಿಲ್ಲ. ಕೈ ಮಾತ್ರ ಬಿಗಿ. ತಟ್ಟೆಗೆ ಅರ್ಧ ರೊಟ್ಟಿ ಹಾಕಿ ಮುಂದೆ ಹೋಗಿಬಿಡುತ್ತಾಳೆ. ಸಾಲಿನಲ್ಲಿ ಉಳಿದವರು ತುಟಿ ಪಿಟಕ್ಕೆನ್ನದೆ ತಿಂದು ಏಳುತ್ತಿದ್ದರು. ನಾನೊಬ್ಬನೇ ಇನ್ನೊಂದು ಹಾಕು ಎಂದು ಕೈ ಚಾಚುವವನು. ಪಕ್ಕದಲ್ಲಿ ಕೂರುವ ತಿರಕಪ್ಪ, ಗಡಿಯಾರ ರಿಪೇರಿ ಮಾಡುವವನು, "ಭಾಳ ಹಸ್ತೀಯಪಾ ನೀ" ಎಂದು ನಗುತ್ತಿದ್ದ. ಹಸಿದವನ ಮುಂದೆ ನಗುವವನನ್ನು ಕಂಡರೆ ಮೈ ಉರಿಯುತ್ತದೆ.

ನಾನು ಬರಮಪ್ಪ. ಪೇಟೆಯಲ್ಲಿ ಗಾದಿ ಅಂಗಡಿ ಇದೆ. ಹತ್ತಿ ಹಿಂಜಿ ಗಾದಿ ತುಂಬಿ ಹೊಲಿದು ಕೊಡುತ್ತೇನೆ; ಊರಿನ ನಿದ್ದೆ ನನ್ನ ಕೈಯಲ್ಲಿದೆ ಎಂದು ಹೇಳಿಕೊಳ್ಳುವ ಚಟವೂ ಇದೆ. ನನ್ನ ಹೆಂಡತಿ ದುಂಡವ್ವ. ಅವಳ ಉರಿ ಇಡೀ ಓಣಿಯಲ್ಲೇ ಎತ್ತರ, ಮೊಣಕಾಲು ಮುಟ್ಟುವಂಥದು. ಸಿಟ್ಟಿನಲ್ಲಿದ್ದಾಗ ಅವಳು ಮಾಡಿದ ರೊಟ್ಟಿ ಬುಟ್ಟಿಯಿಂದ ಹಾರಿಹೋಗುವಷ್ಟು ಉಬ್ಬುತ್ತಿತ್ತು. ಅವಳಿಗೆ ಹೊಳೆಯಾಚೆಯ ಊರಲ್ಲಿ ಒಬ್ಬ ತಂಗಿ. ಹೋಳಿಗೆ ಮಾಡಿದಳಂತೆ ಎಂದು ಒಮ್ಮೆ, ಹೋಳಿಗೆ ಮಾಡಿಲ್ಲವಂತೆ ಪಾಪ ಎಂದು ಇನ್ನೊಮ್ಮೆ, ದುಂಡವ್ವ ಚೀಲ ತುಂಬಿಕೊಂಡು ಹೊರಟೇ ಬಿಡುವಳು. ಹೋದಳೆಂದರೆ ವಾರಗಟ್ಟಲೆ. ನನ್ನ ಸಂಕಟ ಬರೀ ಹೊಟ್ಟೆಯದೆಂದು ಊರವರು ತಿಳಿದಿದ್ದರು. ಹಾಗಿರಲಿಲ್ಲ. ಅವಳಿಲ್ಲದ ಮನೆ ಭಣಭಣ ಎನ್ನುತ್ತಿತ್ತು, ಅದು ನನಗೆ ತಡೆಯುತ್ತಿರಲಿಲ್ಲ. ಆದರೆ ಐವತ್ತು ದಾಟಿದ ಗಂಡಸು ಇದನ್ನು ಯಾರ ಹತ್ತಿರ ಹೇಳಿಕೊಂಡಾನು. ಹೋಗುವಾಗ ಮುಖ ಊದಿಸಿಕೊಂಡು ಕೂರುತ್ತಿದ್ದೆ, ಬಂದಾಗ ಇನ್ನೂ ಊದಿಸಿಕೊಂಡು ಕೂರುತ್ತಿದ್ದೆ.

ಹೀಗಿರುವಾಗ ಊರಿಗೆ ಕಂಪನಿ ಬಂತು. ಕಂಪನಿ ಎಂದರೆ ಮೊದಲಿಗೆ ಒಬ್ಬನೇ ಮನುಷ್ಯ, ಕಡಲ ಕಡೆಯವನು, ಕೆದಿಲಾಯ ಎಂದು ಹೆಸರು. ಕೊರಳಲ್ಲಿ ಒಂದು ಡಬ್ಬಿ ತೂಗುಹಾಕಿಕೊಂಡು ಓಣಿ ಓಣಿ ಅಲೆಯುತ್ತಿದ್ದ. ಡಬ್ಬಿಯ ಮೇಲೆ ಒಂದು ಮುಳ್ಳು. ನೆಲದಡಿ ಗ್ಯಾಸು ಇರುವ ಕಡೆ ಅದು ಬಾಗುತ್ತದಂತೆ. ನಮ್ಮ ಮನೆಯ ಮುಂದೆ ಬಂದಾಗ ಮುಳ್ಳು ತಿರುಗಿ ತಿರುಗಿ ಸುಸ್ತಾಗಿ ಬಿತ್ತು. ಕೆದಿಲಾಯ ಚಪ್ಪಲಿ ಕಳಚಿಟ್ಟು ಒಳಗೆ ಬಂದ. ದುಂಡವ್ವ ಅವಲಕ್ಕಿ ಕೊಟ್ಟಳು.

"ಅಮ್ಮಾ, ನಿಮ್ಮ ಜಾಗದ ಅಡಿಯಲ್ಲಿ ಭಾರೀ ಒಳ್ಳೆಯ ಗ್ಯಾಸ್ ಉಂಟು," ಎಂದ ಕೆದಿಲಾಯ.

"ನನ್ನ ಅಡ್ಯಾಗ ಏನೈತಿ ಅನ್ನೂದು ನನಗ ಗೊತ್ತೈತ್ರಿ. ನೀವು ಅವಲಕ್ಕಿ ತಿನ್ರಿ."

"ನಮ್ಮ ಕಂಪನಿಗೆ ಲೀಸಿಗೆ ಕೊಡಿ. ನಿಮ್ಮ ಹಿತ್ತಲಲ್ಲಿ ಒಂದು ಕೊಳವೆ ಇಳಿಸುತ್ತೇವೆ, ಅಷ್ಟೆ. ಬಂದದ್ದರಲ್ಲಿ ಹದಿನಾರಾಣೆಗೆ ಎರಡಾಣೆ ನಿಮ್ಮ ಪಾಲು. ಮೂರು ವರ್ಷದ ಲೀಸು, ಆಮೇಲೆ ಗ್ಯಾಸ್ ಬರುತ್ತಿರುವವರೆಗೂ ಹಾಗೇ ಮುಂದುವರಿಯುತ್ತದೆ. ಲೆಕ್ಕ ಎಲ್ಲ ಖರ್ಚು ಕಳೆದು ಉಳಿದದ್ದರಲ್ಲಿ."

"ಯಾವ ಖರ್ಚ್ರೀ?"

"ತೆಗೆಯುವುದು, ತೊಳೆಯುವುದು, ಸಾಗಿಸುವುದು, ಹೀಗೆ."

ದುಂಡವ್ವ ಸ್ವಲ್ಪ ಹೊತ್ತು ಲೋಟದ ಅಂಚು ಒರೆಸಿದಳು. "ಹಂಗಾದ್ರ ನನ್ನ ಎರಡಾಣಿ ನಿಮ್ಮ ಲಾರ್‍ಯಾಗ ಕುಂತು ನಿಮ್ಮೂರಿಗೇ ಹೋಗ್ತಾವಲ್ರೀ. ತೂತಿನ ಬಾಯಾಗ ಅಳೀರಿ, ನನ್ನ ಪಾಲು ಅಲ್ಲೇ ತಗದಿಡ್ರಿ. ಮುಂದ ನೀವು ತೊಳಕೋರಿ, ಒರಸ್ಕೋರಿ, ಅದು ನಿಮ್ಮ ಮನಿ ಕೆಲಸ."

ಕೆದಿಲಾಯ ಕೆಮ್ಮಿದ. ಅವಲಕ್ಕಿಯಲ್ಲಿ ಮೆಣಸಿನಕಾಯಿ ಸಿಕ್ಕಿತ್ತೋ ಏನೋ. "ನಿಮ್ಮ ಓಣಿಯಲ್ಲಿ ಉಳಿದವರೆಲ್ಲ ಸಹಿ ಹಾಕಿ ಆಯಿತಮ್ಮ. ನೀವೊಬ್ಬರೇ ಬಾಕಿ. ಈ ವಾರ ಕಳೆದರೆ ಕಂಪನಿಯವರು ಬೇರೆ ಊರು ನೋಡಿಕೊಳ್ಳುತ್ತಾರೆ."

"ಹೌದೇನ್ರಿ, ಪಾಪ. ಇನ್ನಷ್ಟು ಅವಲಕ್ಕಿ ಹಾಕ್ಲೇನ್ರಿ?"

ಮರುದಿನ ಅವಳು ಜೋಳ ಬೀಸಿಸಲು ಗಿರಣಿಗೆ ಹೋದಳು. ಡಬ್ಬಿ ಸರದಿಗೆ ಇಟ್ಟು ಹೆಂಗಸರು ಕೂತು ಮಾತಾಡುವ ಜಾಗ ಅದು. ಗಿರಣಿಯ ಸದ್ದಿನಲ್ಲಿ ಗಂಡಸರಿಗೆ ಏನೂ ಕೇಳುವುದಿಲ್ಲ. ಮನೆಗೆ ಬಂದವಳು ಹಿಟ್ಟಿನ ಡಬ್ಬಿ ಇಳಿಸುವ ಮೊದಲೇ ನಗತೊಡಗಿದಳು. ಕೆದಿಲಾಯ ಎಲ್ಲರ ಮನೆಯಲ್ಲೂ ಅದನ್ನೇ ಹೇಳಿದ್ದನಂತೆ. ಎಲ್ಲರೂ ಸಹಿ ಹಾಕಿದ್ದಾರೆ, ನೀವೊಬ್ಬರೇ ಬಾಕಿ. ಹಾಗೆ ಬಾಕಿ ಉಳಿದವರು ಇಡೀ ಊರೇ. ಯಾರಿಗೆ ಎಷ್ಟು ಹೇಳಿದ, ಯಾರ ಮನೆಯಲ್ಲಿ ಎಷ್ಟಕ್ಕೆ ಏರಿದ ಎಂಬುದನ್ನೆಲ್ಲ ಗಿರಣಿಯಲ್ಲಿ ಜೋಡಿಸಿ ನೋಡಿ, ಮೂರಾಣೆಯ ಕೆಳಗೆ ಯಾರೂ ಇಳಿಯಬಾರದು ಎಂದು ಮಾತಾಯಿತು. ಮೊದಲು ದುಂಡವ್ವನ ಲೀಸು ಆಗಲಿ, ಅದೇ ಉಳಿದವರಿಗೆ ದರ ಎಂದು ಆಯಿತು.

ಕೆದಿಲಾಯನೂ ಸುಮ್ಮನೆ ಕೂತವನಲ್ಲ. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಹತ್ತಿಯ ಮೂಟೆಯ ಮೇಲೆ ಕೂತ. "ಬರಮಪ್ಪನವರೇ, ನಿಮ್ಮ ಮನೆಯವರು ಹಿತ್ತಲಿಗೆ ಹೋದರೆ ನನ್ನ ಮುಳ್ಳು ಹಿತ್ತಲಿಗೆ, ನಳಕ್ಕೆ ಹೋದರೆ ನಳದ ಕಡೆಗೆ. ಇದು ಎಂಥದ್ದು ಮಾರಾಯ್ರೆ? ಅವರು ಬೇರೆ ಊರಿಗೆ ಹೋದರೆ ಗ್ಯಾಸೂ ಹೋಗುತ್ತದೋ?"

"ಹೋಗತೈತ್ರಿ," ಎಂದೆ. "ಮತ್ತ ಹೇಳತೀನೇನು. ಹೋದ ವರ್ಷ ಶ್ರಾವಣದಾಗ ಕಾಶವ್ವನ ಅರ್ಧ ರೊಟ್ಟಿ ತಿಂದು ತಿಂದು ಪಾಯಜಾಮ ಸಡಲ ಆಗಿತ್ತು."

"ಹಾಗಾದರೆ ಲೀಸು ಇರುವಷ್ಟು ದಿನ ಅವರು ಈ ಜಾಗ ಬಿಟ್ಟು ಹೋಗಬಾರದು. ಆ ಒಂದು ಮಾತು ಸೇರದೆ ಕಂಪನಿಯವರು ಒಪ್ಪಲಿಕ್ಕಿಲ್ಲ."

ಹೋಗಬಾರದು ಎಂಬ ಆ ಮಾತು ನನ್ನ ಕಿವಿಗೆ ಎಷ್ಟು ಹಿತವಾಗಿ ಬಿತ್ತೆಂದರೆ, ಅವನಿಗೆ ಒಂದು ತಲೆದಿಂಬು ಪುಕ್ಕಟೆ ಕೊಟ್ಟು ಕಳಿಸಿದೆ. ಅಷ್ಟು ವರ್ಷ ನಾನು ಮುಖ ಊದಿಸಿ ಸಾಧಿಸಲಾಗದ್ದನ್ನು ಈ ಮನುಷ್ಯ ಒಂದು ಸಾಲಿನಲ್ಲಿ ಬರೆದುಕೊಡಲು ಸಿದ್ಧನಿದ್ದ.

ಸಂಜೆ ದುಂಡವ್ವನಿಗೆ ವಿಷಯ ತಿಳಿಸಿದೆ. ಮುಖದ ಮೇಲೆ ಸಂತೋಷ ಕಾಣಿಸದ ಹಾಗೆ ತಿಳಿಸಿದೆ ಎಂದುಕೊಂಡೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮೂರು ವರ್ಷ, ಆಮ್ಯಾಲ ಗ್ಯಾಸ್ ಬರೂತನಕ. ನಾ ಇರೂತನಕ ಅದು ಬರತೈತಿ. ಅಂದ್ರ ಸಾಯೂತನಕ ನಾ ತಂಗಿ ಮಾರಿ ನೋಡಂಗಿಲ್ಲ. ಅಲ್ರೀ?"

"ತಂಗೀನ ಇಲ್ಲಿಗೆ ಬರ್‍ಲಿ ಬಿಡು."

"ಆಕಿ ಬಂದ್ರ ಆಕಿ ಗಂಡನ ಒಲಿ ಆರತೈತಿ. ಅಲ್ಲಿ ಕಾಶವ್ವ ಇಲ್ಲ." ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. "ಪಾಲು ಮೂರಾಣಿ ಇರ್‍ಲಿ, ಎರಡೂವರಿ ಇರ್‍ಲಿ, ನಾ ಜಗಳಾಡ್ಕೋತೀನಿ. ಆದ್ರ ನನ್ನ ಕಾಲು ಯಾರಿಗೂ ಲೀಸಿಗೆ ಕೊಡೂದಿಲ್ಲ. ಟವೆಲಿನಾಗ ಅಂಗೈ ಬಿಟ್ಟು ಬ್ಯಾರೆ ಏನೂ ತೋರಸಬ್ಯಾಡ್ರಿ, ನೋಡ್ರಿ ಮತ್ತ."

ಟವೆಲಿನ ಮಾತು ಹೇಳಬೇಕು. ನಮ್ಮಲ್ಲಿ ಬಾಯಲ್ಲಿ ಆಡಿದ ವ್ಯಾಪಾರ ವ್ಯಾಪಾರವಲ್ಲ. ಕೈಯ ಮೇಲೆ ಟವೆಲು ಹಾಸಿ ಅದರಡಿಯಲ್ಲಿ ಬೆರಳು ಹಿಡಿದು ಆಡಿದ್ದೇ ಗಟ್ಟಿ. ಒಂದು ಬೆರಳಿಗೆ ಒಂದಾಣೆ ಪಾಲು. ಎಮ್ಮೆಯನ್ನು ಪಾಲಿಗೆ ಕೊಡುವಾಗ ಮುಷ್ಟಿ ಹಿಡಿದರೆ ಎಮ್ಮೆ ಗೂಟದಲ್ಲೇ ಇರಬೇಕು, ಅಂಗೈ ಬಿಚ್ಚಿದರೆ ಅದು ಮನಸ್ಸು ಬಂದ ಕಡೆ ಮೇಯಬಹುದು. ಹೆಂಡತಿಗೂ ಎಮ್ಮೆಗೂ ಒಂದೇ ಗುರುತು ಹೇಗೆ ಹಿಡಿದಿರಿ ಎಂದು ದುಂಡವ್ವ ಆಮೇಲೆ ನನ್ನನ್ನು ಕೇಳಿದಳು, ಅದು ಬೇರೆ ಮಾತು. ಹೆಂಗಸರು ಪರಗಂಡಸಿನ ಕೈ ಹಿಡಿಯುವುದಿಲ್ಲವಾದ್ದರಿಂದ ನಡುವೆ ಮನೆಯ ಗಂಡಸು ಕೂರುತ್ತಾನೆ. ಅವನ ಒಂದು ಕೈ ಈ ಟವೆಲಿನಲ್ಲಿ, ಇನ್ನೊಂದು ಆ ಟವೆಲಿನಲ್ಲಿ. ಈ ಕೈಗೆ ಬಂದದ್ದನ್ನು ಆ ಕೈಗೆ ದಾಟಿಸಬೇಕು. ಬಾಯಿಯಲ್ಲಿ ಮಾತ್ರ ಮಳೆ ಬೆಳೆಯ ವಿಚಾರ. ಟವೆಲು ಹಾಸುವವಳು, ಸಾಕ್ಷಿ ನಿಲ್ಲುವವಳು ಕಾಶವ್ವ.

ವ್ಯಾಪಾರದ ದಿನ ನಮ್ಮ ಕಟ್ಟೆಯ ಮುಂದೆ ಓಣಿಯೇ ನೆರೆದಿತ್ತು. ಕೆದಿಲಾಯ ನನ್ನ ಎಡಕ್ಕೆ, ದುಂಡವ್ವ ಬಲಕ್ಕೆ. ಕಾಶವ್ವ ಎರಡೂ ಕಡೆ ಟವೆಲು ಹಾಸಿದಳು.

"ಈ ಸಲ ಮೋಡ ಚೆನ್ನಾಗಿ ಉಂಟು," ಎನ್ನುತ್ತ ಕೆದಿಲಾಯ ಎರಡು ಬೆರಳು ಹಿಡಿದ. ನಾನು ದಾಟಿಸಿದೆ.

"ಮೋಡ ಇದ್ರೇನ್ರಿ, ಸುರೀಬೇಕಲ್ಲ," ಎನ್ನುತ್ತ ದುಂಡವ್ವ ನಾಲ್ಕು ಹಿಡಿದಳು. ದಾಟಿಸಿದೆ.

ಜೋಳದ ತೆನೆಯ ಮಾತು ಮುಗಿಯುವಷ್ಟರಲ್ಲಿ ಎರಡೂವರೆ ಆಯಿತು. ಕೆದಿಲಾಯ ಖರ್ಚು ಕಳೆಯಬೇಕೆಂದು ನನ್ನ ಹೆಬ್ಬೆರಳು ತಿಕ್ಕಿದ, ದುಂಡವ್ವ ಕಳೆಯಕೂಡದೆಂದು ಚಿವುಟಿದಳು. ಅವಳು ಚಿವುಟಿದ್ದನ್ನು ಎರಡು ಪಟ್ಟು ಮಾಡಿ ಅವನಿಗೆ ಚಿವುಟಿದೆ. ಇಷ್ಟು ಮಾತ್ರ ನಾನು ಕೈಯಾರೆ ಸೇರಿಸಿದ್ದು, ಅದೂ ಹೆಂಡತಿಯ ಪರವಾಗಿ. ಕೊನೆಗೆ ಅವನು ಮೂರು ಬೆರಳು ಹಿಡಿದು, ಹಿಂದೆಯೇ ನನ್ನ ಕೈಯನ್ನು ಮುಷ್ಟಿ ಮಾಡಿ ಒತ್ತಿದ. ಮೂರಾಣೆ, ಖರ್ಚು ಕಳೆಯುವುದಿಲ್ಲ, ಆದರೆ ಜಾಗ ಬಿಟ್ಟು ಕದಲಬಾರದು. ನಾನು ದಾಟಿಸಿದೆ. ದುಂಡವ್ವ ಮೂರು ಬೆರಳು ಹಿಡಿದು, ಅಂಗೈಯನ್ನು ಅಗಲವಾಗಿ ಬಿಚ್ಚಿ ನನ್ನ ಅಂಗೈಗೆ ಒತ್ತಿದಳು.

ಅವಳ ಅಂಗೈ ಬಿಸಿ ಇತ್ತು. ನನ್ನ ಎಡಗೈಯಲ್ಲಿ ಕೆದಿಲಾಯ ಕಾಯುತ್ತಿದ್ದ. ನನ್ನ ತಲೆಯೊಳಗೆ ಭಣಭಣ ಎನ್ನುವ ಮನೆ, ಅರ್ಧ ರೊಟ್ಟಿ, ತಿರಕಪ್ಪನ ನಗು ಎಲ್ಲ ಒಟ್ಟಿಗೆ ಬಂದವು. ನನ್ನ ಎಡಗೈ ಮುಷ್ಟಿಯಾಯಿತು. ಆ ಜಾಗದಲ್ಲಿ ಯಾರು ಕೂತಿದ್ದರೂ ಹಾಗೇ ಮಾಡುತ್ತಿದ್ದರು ಎಂದು ಆಗ ಅನ್ನಿಸಿತ್ತು.

"ಆಯಿತು," ಎಂದು ಕೆದಿಲಾಯ ಕೈ ತೆಗೆದ. ಕಾಶವ್ವ ಟವೆಲು ಕೊಡವಿದಳು. ಟವೆಲು ಕೊಡವಿದ ಮೇಲೆ ಮುಗಿಯಿತು. ಹೊಸ ಟವೆಲು ಹಾಸಬೇಕೆಂದರೆ ಎರಡೂ ಕಡೆಯವರು ಕೇಳಬೇಕು.

ಕೆದಿಲಾಯ ಕರಾರು ಓದಿದ. ಮೂರಾಣೆ ಎಂದಾಗ ಗಿರಣಿಯ ಹೆಂಗಸರ ಮುಖ ಅರಳಿತು. ಮಾಲೀಕರು ಲೀಸಿನ ಅವಧಿಯಲ್ಲಿ ಸದರಿ ಜಾಗ ಬಿಟ್ಟು ಕದಲತಕ್ಕದ್ದಲ್ಲ ಎಂದಾಗ ಅದು ಹಾಗೇ ಬಾಡಿತು. ದುಂಡವ್ವ ನನ್ನ ಕಡೆ ತಿರುಗಲಿಲ್ಲ. ನನ್ನ ಎಡಗೈಯನ್ನು ಮಾತ್ರ ನೋಡಿದಳು.

"ಕೈ ನಂದಲ್ಲ. ಆದ್ರ ಮಾತು ನಂದೇ ಆತು," ಎಂದು ಸಹಿ ಹಾಕಿದಳು. ಸಹಿ ಬಹಳ ದುಂಡಗೆ ಬಂದಿತ್ತು.

ಮರುದಿನ ಬೆಳಿಗ್ಗೆ ನಳದಲ್ಲಿ ನೀರು ಬಂತು. ದುಂಡವ್ವ ಹೊಸ್ತಿಲ ಒಳಗೆ ಕೂತು ಕೊಡ ನನ್ನ ಕಡೆ ತಳ್ಳಿದಳು. "ನಾ ದಾಟಂಗಿಲ್ರಿ. ಕದಲತಕ್ಕದ್ದಲ್ಲ ಅಂತ ಬರದಾರ." ನೀರು ತಂದೆ. ಕಾಯಿಪಲ್ಲೆ ತಂದೆ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡದೆ ತಂದದ್ದಕ್ಕೆ ಅವನ್ನು ಹಿಂದಕ್ಕೆ ಕೊಟ್ಟು ಬೇರೆ ತಂದೆ. ಅವಳ ಗೆಳತಿಯ ಬಸುರಿ ಮಗಳ ಕುಬುಸದ ಶಾಸ್ತ್ರಕ್ಕೆ ರವಿಕೆಯ ಕಣ ಮತ್ತು ಅರಿಶಿನ ಕುಂಕುಮ ಹಿಡಿದುಕೊಂಡು ನಾನೇ ಹೋದೆ. ಅಲ್ಲಿ ಹೆಂಗಸರ ನಡುವೆ ನನ್ನನ್ನು ಕೂರಿಸಿ ಸೋಬಾನ ಹೇಳು ಎಂದರು. ಗಿರಣಿಯಲ್ಲಿ ಡಬ್ಬಿ ಸರದಿಗೆ ಇಟ್ಟು ಕೂತರೆ ಒಬ್ಬಳು, "ಬರಮಪ್ಪಣ್ಣ, ನಿನ್ನ ಎಡಗೈ ಆರಾಮೈತೇನೋ?" ಎಂದಳು. ಎಲ್ಲರೂ ಸೆರಗು ಬಾಯಿಗೆ ಹಿಡಿದರು. ಗಿರಣಿಯ ಸದ್ದಿನಲ್ಲಿ ಅದೊಂದು ಮಾತು ಮಾತ್ರ ನನಗೆ ಸ್ವಚ್ಛ ಕೇಳಿಸಿತು.

ಇಷ್ಟೆಲ್ಲ ಸಹಿಸಿಕೊಂಡೇನು, ಹೆಂಡತಿ ಮನೆಯಲ್ಲಿದ್ದಾಳಲ್ಲ ಎಂದುಕೊಂಡೆ. ಆದರೆ ಅವಳು ಮನೆಯಲ್ಲಿದ್ದೂ ಇರಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಹೊಳೆಯ ಕಡೆಯ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುವಳು. ಉರಿ ದಿನಕ್ಕೆ ಒಂದಿಷ್ಟು ಕುಗ್ಗತೊಡಗಿತು. ಕೊನೆಗೆ, ಅವಳು ಒಲೆಯ ಮುಂದೆ ತವೆ ಹಿಡಿದು ಕೂತಿದ್ದಾಗಲೇ, ಪುಸ್ಸೆಂದು ಆರಿತು. ನಮ್ಮೂರಿನಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ. ಹೆಂಡತಿ ಮನೆಯಲ್ಲಿರುವಾಗಲೇ ನಾನು ಕಾಶವ್ವನ ಸಾಲಿನಲ್ಲಿ ಹೋಗಿ ಕೂತೆ. ತಿರಕಪ್ಪ ಈ ಸಲ ನಗಲೂ ಇಲ್ಲ, ಅದು ಇನ್ನೂ ಅವಮಾನವಾಯಿತು. ಅರ್ಧ ರೊಟ್ಟಿಯನ್ನು ಟವೆಲಿನಲ್ಲಿ ಕಟ್ಟಿಸಿಕೊಂಡು ದುಂಡವ್ವನಿಗೆ ತಂದುಕೊಟ್ಟೆ. ತಿಂದು, ಕೈ ತೊಳೆದು ಮತ್ತೆ ಕಿಟಕಿಗೆ ಹೋದಳು.

ಅಷ್ಟರಲ್ಲಿ ಕಂಪನಿಯವರು ಹಿತ್ತಲಲ್ಲಿ ಯಂತ್ರ ನಿಲ್ಲಿಸಿ, ನುಗ್ಗೆ ಮರದ ಪಕ್ಕ ಕೊಳವೆ ಇಳಿಸಿಯಾಗಿತ್ತು. ದಿನವಿಡೀ ಡಬಡಬ ಸದ್ದು. ಬಂದದ್ದು ಮಣ್ಣು, ಆಮೇಲೆ ಕೆಸರು, ಆಮೇಲೆ ಬರೀ ಗಾಳಿ. ಕೆದಿಲಾಯನ ಮುಳ್ಳು ಹೊಳೆಯಾಚೆಗೆ ಬಾಗಿ ನಿಂತಿತ್ತು. ಅವನು ಡಬ್ಬಿಯನ್ನು ತಟ್ಟಿದ, ಕುಲುಕಿದ, ಕೊನೆಗೆ ಬಂದು ಹೊಸ್ತಿಲ ಹೊರಗೆ ನಿಂತ.

"ಅಮ್ಮಾ, ನೀವು ಇಲ್ಲೇ ಇದ್ದೀರಿ. ಗ್ಯಾಸ್ ಎಲ್ಲಿ ಹೋಯಿತು?"

"ನಾ ಎಲ್ಲಿ ಕದಲೀನ್ರಿ? ನಿಮ್ಮ ಕಾಗದದಾಗ ಬರದಂಗ ಕಾಲು ಇಲ್ಲೇ ಅದಾವ. ಮನಸ್ಸು ಕದಲಬಾರದು ಅಂತ ಬರದಿಲ್ರೀ ನೀವು. ಅದು ತಂಗಿ ಮನಿಗೆ ಹೋಗೇತಿ. ಅದರ ಹಿಂದ ಇದೂ ಹೋಗೇತಿ."

"ಹಾಗಾದರೆ ಮನಸ್ಸೂ ಕದಲಬಾರದು ಎಂದು ಬರೆದರೆ?"

"ಬರೀರಿ. ಅದಕ್ಕ ಸಹಿ ಹಾಕೂದು ಯಾರು ಅಂತ ನೋಡೂಣು."

ಕೆದಿಲಾಯ ಕಟ್ಟೆಯ ಮೇಲೆ ಕುಸಿದು ಕೂತ. ಮೇಲಿನವರು ದಿನಕ್ಕೆರಡು ಸಲ ಫೋನು ಮಾಡಿ ಬೈಯುತ್ತಿದ್ದಾರೆಂದು ಹೇಳಿದ. ಪಾಪದವನು, ಹೆಂಡತಿ ಮಕ್ಕಳನ್ನು ಕಡಲ ಕಡೆ ಬಿಟ್ಟು ಬಂದಿದ್ದ. "ಹೊಸ ಟವೆಲು ಹಾಸೋಣ ಅಮ್ಮ," ಎಂದ.

"ನಾನೂ ಅದನ್ನ ಅನ್ನೂದ್ರಿ," ಎಂದಳು ದುಂಡವ್ವ.

ಮತ್ತೆ ಓಣಿ ನೆರೆಯಿತು. ಕೆದಿಲಾಯ ಎಡಕ್ಕೆ, ದುಂಡವ್ವ ಬಲಕ್ಕೆ, ನಡುವೆ ನನ್ನ ಜಾಗ ಖಾಲಿ. ಕಾಶವ್ವ ಟವೆಲು ಹಿಡಿದು, "ಕುಂದ್ರೋ ಬರಮಪ್ಪ" ಎಂದಳು. ನಾನು ಕೂರಲಿಲ್ಲ. ಇಡೀ ಓಣಿ ನನ್ನ ಕೈ ನೋಡುತ್ತಿತ್ತು.

"ನನ್ನ ಕೈ ಬ್ಯಾಡ," ಎಂದೆ. "ಹೋದ ಸಲ ಆಕಿ ಕೊಟ್ಟಿದ್ದು ಅಂಗೈ. ಮುಷ್ಟಿ ಆಗಿದ್ದು ನನ್ನ ಕೈಯಾಗ. ಆಕಿ ಹೋದ್ರ ನನಗ ಮನ್ಯಾಗ ಇರಾಕ ಆಗೂದಿಲ್ಲ, ಅದಕ್ಕ ಹಂಗ ಮಾಡೀನಿ. ಈಗ ಆಕಿ ಮನ್ಯಾಗ ಇದ್ದೂ ನನಗ ಇರಾಕ ಆಗವಲ್ದು."

ಯಾರೋ ನಕ್ಕರು, ಯಾರೋ ಅವರನ್ನು ಗದರಿದರು. ದುಂಡವ್ವ ಬಹಳ ದಿನಗಳ ಮೇಲೆ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಖಾಲಿ ಜಾಗಕ್ಕೆ ತಾನೇ ಸರಿದು, ಟವೆಲಿನೊಳಗೆ ತನ್ನ ಕೈ ಹಾಕಿದಳು. ಹಾ ಎಂದು ಓಣಿ ಉಸಿರೆಳೆಯಿತು. ಕೆದಿಲಾಯ ತನ್ನ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು, ದೇವರ ತೀರ್ಥಕ್ಕೆ ಚಾಚುವ ಹಾಗೆ ಚಾಚಿದ. ಮಳೆಯ ವಿಷಯ ಎತ್ತುವುದಕ್ಕೂ ಮೊದಲೇ ಮುಗಿದುಹೋಯಿತು. ಅವನ ಹಣೆಯ ಮೇಲೆ ಬೆವರು, ಅವಳ ಕಣ್ಣಲ್ಲಿ ನಗು.

ಹೊಸ ಕರಾರು ಹೀಗಿತ್ತು. ಪಾಲು ಮೂರಾಣೆ, ಅಳತೆ ತೂತಿನ ಬಾಯಲ್ಲಿ. ಅವಧಿ ಮೂರು ವರ್ಷ, ಆಮೇಲೆ ಮತ್ತೆ ಟವೆಲು ಹಾಸಬೇಕು. ಮಾಲೀಕರು ಎಲ್ಲಿಗೆ ಹೋಗುತ್ತಾರೋ ಯಂತ್ರವೂ ಅಲ್ಲಿಗೆ ಹೋಗತಕ್ಕದ್ದು, ಗಾಲಿಯ ಖರ್ಚು ಕಂಪನಿಯದು. ಗಿರಣಿಯ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ತವರಿನ ದಾರಿ ಹೇಳಲು ಕೆದಿಲಾಯನ ಸುತ್ತ ಮುಕುರಿದರು.

ಬಂದ ಸೋಮವಾರವೇ ದುಂಡವ್ವ ತಂಗಿಯ ಊರಿಗೆ ಹೊರಟಳು. ಮುಂದೆ ಟಾಂಗಾದಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಅವಳು, ಹಿಂದೆ ಟ್ರ್ಯಾಕ್ಟರಿನ ಮೇಲೆ ಯಂತ್ರ, ಅದರ ಹಿಂದೆ ಕೊಳವೆ ಹೊತ್ತ ಆಳುಗಳು, ಎಲ್ಲರ ಹಿಂದೆ ಡಬ್ಬಿ ನೋಡುತ್ತ ಕೆದಿಲಾಯ. ಹೊಳೆಯ ಸೇತುವೆ ದಾಟುವವರೆಗೂ ನಿಂತು ನೋಡಿದೆ. ಈ ಸಲ ಮುಖ ಊದಿಸಿರಲಿಲ್ಲ. "ತಂಗೀಗೆ ಕೇಳಿದೆ ಅಂತ ಹೇಳು" ಎಂದೂ ಹೇಳಿ ಕಳಿಸಿದ್ದೆ, ಮದುವೆಯಾದ ಮೇಲೆ ಮೊದಲ ಸಲ. ಅವಳು ತಿರುಗಿ ನೋಡಿ, ಟಾಂಗಾದ ಹೊರಗೆ ಅಂಗೈ ಚಾಚಿ ತೋರಿಸಿದಳು.

ಮರುದಿನ ಅಂಗಡಿಯಿಂದ ಬಂದು ಅಭ್ಯಾಸಬಲದಿಂದ ಅಡುಗೆಮನೆಯಲ್ಲಿ ಇಣುಕಿದೆ. ಆರಿದ ಒಲೆಯನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟು ಕಾಶವ್ವನಲ್ಲಿಗೆ ಹೋಗುವುದು ನನ್ನ ಪದ್ಧತಿ. ಒಲೆ ಆರಿರಲಿಲ್ಲ. ಮೂರು ಕಲ್ಲಿನ ನಡುವೆ ನೀಲಿ ಉರಿಯೊಂದು ಅಲುಗದೆ ನಿಂತಿತ್ತು. ಮೊಣಕಾಲೆತ್ತರದ್ದಲ್ಲ. ಒಂದೇ ಒಂದು ಬೆರಳಿನಷ್ಟು. ನಾನು ಅದರ ಮುಂದೆ ಕುಕ್ಕರುಗಾಲಲ್ಲಿ ಬಹಳ ಹೊತ್ತು ಕೂತೆ. ಕಣ್ಣು ತುಂಬಿ ಬಂತು. ಹೊಗೆ ಎಂದು ಹೇಳೋಣವೆಂದರೆ ಅದಕ್ಕೆ ಹೊಗೆಯೂ ಇರಲಿಲ್ಲ. ಮನಸ್ಸು ಹೋದ ಕಡೆ ಉರಿ ಹೋಗುತ್ತದೆ ಎಂದಿದ್ದಳಲ್ಲ. ಹದಿನಾರಾಣೆ ಮನಸ್ಸಿನಲ್ಲಿ ಒಂದಾಣೆ ನನಗೆಂದು ಇಲ್ಲಿ ಬಿಟ್ಟು ಹೋಗಿದ್ದಳು.

ತವೆ ಇಟ್ಟೆ. ರೊಟ್ಟಿ ಬಡಿಯಲು ಬಾರದೆ ಕೈಗೆ ಬಂದ ಆಕಾರದಲ್ಲಿ ತಟ್ಟಿ ಸುಟ್ಟೆ, ಬೆರಳೂ ಸುಟ್ಟುಕೊಂಡೆ, ಎರಡು ತಿಂದೆ. ಆಮೇಲೆ ಹೆದರಿಕೆಯಾಯಿತು. ಅವಳಿಲ್ಲದ ಮನೆಯಲ್ಲಿ ಉರಿ ನಿಲ್ಲುತ್ತದೆ ಎಂದು ಕಂಪನಿಗೆ ಗೊತ್ತಾದರೆ, ಯಂತ್ರಕ್ಕೆ ಗಾಲಿ ಯಾಕೆ ಎಂದು ಕೇಳುವುದಿಲ್ಲವೇ. ಕಿಟಕಿ ಮುಚ್ಚಿ, ಉರಿಯ ಮೇಲೆ ಗಡಿಗೆ ಬೋರಲು ಹಾಕಿದರೆ ಆರೀತೆಂದು ಅದರ ಮುಂದೊಂದು ಮೊರ ಅಡ್ಡ ಇಟ್ಟು, ಮುಖವನ್ನು ಬೇಕಾದಷ್ಟು ಉದ್ದ ಮಾಡಿಕೊಂಡು ಖಾನಾವಳಿಗೆ ಹೋದೆ.

ಸಾಲು ತುಂಬಿತ್ತು. ತಿರಕಪ್ಪನ ಹೆಂಡತಿಯೂ ತವರಿಗೆ ಹೋಗಿದ್ದಳು. ಅವನ ಪಕ್ಕದಲ್ಲಿ ಕೂತು, "ಒಲಿ ಆರೇತಿ ನೋಡಪಾ" ಎಂದೆ.

"ನಂದೂ ಆರೇತಿ. ಏನು ಮಾಡೂದು," ಎಂದ ಅವನು.

ಕಾಶವ್ವ ಅರ್ಧ ರೊಟ್ಟಿ ಹಾಕುತ್ತ ಬಂದಳು. ತಿರಕಪ್ಪ ರೊಟ್ಟಿ ಮುರಿದಾಗ ಅವನ ಉಗುರುಗಳ ಕಡೆ ನೋಡಿದೆ. ಗಡಿಯಾರದ ಎಣ್ಣೆಯ ಜಾಗದಲ್ಲಿ ಒಣಗಿದ ಜೋಳದ ಹಿಟ್ಟಿತ್ತು. ಹೆಬ್ಬೆರಳಿನ ಮೇಲೆ ತವೆ ತಾಗಿದ ಹಳೆಯ ಕಲೆಗಳು, ಒಂದರ ಮೇಲೊಂದು, ವರ್ಷಗಳಷ್ಟು ಹಳೆಯವು. ಅವನ ಆಚೆಯವನ ಮಣಿಕಟ್ಟಿನಲ್ಲೂ ಹಿಟ್ಟು. ಅದರಾಚೆಯವನು ಮೆಲ್ಲಗೆ ತೇಗಿದ. ಹೆಂಡತಿ ಬಿಟ್ಟುಹೋದ ಒಂದಾಣೆಯ ಉರಿಯನ್ನು ಹೇಳಿಕೊಳ್ಳಲು ನಾಚಿ, ಸಾಲಿನುದ್ದಕ್ಕೂ ಹೊಟ್ಟೆ ತುಂಬಿದ ಗಂಡಸರು ಅರ್ಧ ರೊಟ್ಟಿಯನ್ನು ಕಷ್ಟಪಟ್ಟು ನುಂಗುತ್ತಿದ್ದರು. ಇಷ್ಟು ವರ್ಷ ಈ ಸಾಲಿನಲ್ಲಿ ನಿಜವಾಗಿ ಆರಿದ ಒಲೆ ಇದ್ದದ್ದು ನನ್ನದೊಂದೇ.

ತಿರಕಪ್ಪ ನನ್ನ ಸುಟ್ಟ ಬೆರಳನ್ನು ನೋಡಿದ. ನಾನು ಕೈ ಮಡಚಿಕೊಂಡೆ. ಅವನು ತನ್ನ ಭುಜದಿಂದ ನನ್ನ ಭುಜವನ್ನು ಮೆಲ್ಲಗೆ ತಳ್ಳಿ, ಬಗ್ಗಿ ಪಲ್ಲೆ ಕಲಸತೊಡಗಿದ.

ಕಾಶವ್ವ ಎರಡನೆಯ ಸುತ್ತಿಗೆ ಬಂದು, ಎಂದಿನಂತೆ ನನ್ನೊಬ್ಬನ ಮುಂದೆ ಮಾತ್ರ ನಿಂತಳು. ಅವಳ ಬುಟ್ಟಿಯಲ್ಲಿ ಉಳಿದಿದ್ದದ್ದೇ ಒಂದು ರೊಟ್ಟಿ.

"ಹಾಕ್ಲೇನೋ ಬರಮಪ್ಪ?"

"ಬ್ಯಾಡಬೇ ಎವ್ವಾ," ಎಂದೆ. "ಸಾಕಾತು."